ಮೊದಲು ಕೈ ಎತ್ತಿದವನು

ಮಾರ್ಚ್ 14, ಗುರುವಾರ. ಮಂಜಾನೊ.

ನಮ್ಮ ಕುರ್ಚಿ ಕಾರ್ಖಾನೆಗೆ ಮರ ಒಣಗಿಸುವ ಹೊಸ ಯಂತ್ರ ಬೇಕು. ಬ್ಯಾಂಕಿನವರು ಸಾಲಕ್ಕೆ ಅಮ್ಮನ ಮನೆಯನ್ನೇ ಅಡಮಾನ ಕೇಳಿದರು. ಒಪ್ಪದೆ, ಇವತ್ತು ಕುಶಲಕರ್ಮಿಗಳ ಜಾಮೀನು ಸಂಘಕ್ಕೆ ಹೋದೆ. ಅವರು ಜಾಮೀನು ನಿಂತರೆ ಮನೆ ಉಳಿಯುತ್ತದೆ. ಆದರೆ ಸಮಿತಿಯಲ್ಲಿ ಎವರಿಸ್ಟೊ ಕೂತಿದ್ದ. ಅವನದೂ ಕುರ್ಚಿ ಕಾರ್ಖಾನೆ; ಅಪ್ಪನ ಕಾಲದಿಂದಲೂ ನಮ್ಮ ಗಿರಾಕಿಗಳನ್ನು ಸೆಳೆಯುತ್ತ ಬಂದವನು.

“ಇವಳ ಕುರ್ಚಿ ಅಲ್ಲಾಡಲ್ಲ ಕಣ್ರೋ. ನಾನೇ ಒಂದು ಕೊಂಡು ಬಿಚ್ಚಿ ನೋಡಿದೀನಿ,” ಎಂದು ಮೊದಲು ಕೈ ಎತ್ತಿದವನು ಅವನೇ. ಎಲ್ಲರೂ ನಕ್ಕರು. ಜಾಮೀನು ಸಿಕ್ಕಿತು.

ಹೊರಗೆ ಬಂದು, “ಯಾಕೆ, ಎವರಿಸ್ಟೊ ಅವರೇ?” ಎಂದು ಕೇಳಿದೆ.

“ನೀನು ಬಾಗಿಲು ಹಾಕಿದ್ರೆ ನಾನು ಯಾರನ್ನ ಬೈಕೊಂಡು ಕೆಲ್ಸ ಮಾಡ್ಲಿ, ಮಗಳೇ?”

ಮನೆಗೆ ಬಂದು ಹೇಳಿದಾಗ, ಅವನ ಹೆಸರು ಕೇಳಿ ಅಮ್ಮ ಒಲೆ ಆರಿಸಿ ನನ್ನ ಕಡೆ ತಿರುಗಿದಳು. ಆಮೇಲೆ, “ಭಾನುವಾರ ಊಟಕ್ಕೆ ಕರಿ,” ಎಂದಳು.

ಕರೆಯಬೇಕು. ಇಷ್ಟು ವರ್ಷ ಎದುರಾಳಿಯಾಗಿದ್ದವನನ್ನು ಹೇಗೆ ಕರೆಯುವುದೋ…