ಉಪ್ಪುಸಾಕ್ಷಿಯ ತಪ್ಪೊಪ್ಪಿಗೆ

ಗದಗ, ಫೆಬ್ರುವರಿ ೩೦, ೨೧೯೪

ಪೂಜ್ಯ ನೀಲಗಂಗವ್ವನವರಿಗೆ, ನಿಮ್ಮ ಆರನೆಯ ತಲೆಮಾರಿನ ಕುಡಿ ಶಿವಯೋಗಿ ಮಾಡುವ ಶರಣು.

ತಾರೀಖು ನೋಡಿ ಹುಬ್ಬೇರಿಸಬೇಡಿ. ನಮ್ಮ ಕಾಲದಲ್ಲಿ ಫೆಬ್ರುವರಿಗೂ ಮೂವತ್ತು ದಿನ. ಎಷ್ಟು ಶತಮಾನ ಅಂತ ಅದೊಂದೇ ತಿಂಗಳು ಮೊಟಕಾಗಿರಬೇಕು ಹೇಳಿ. ನನ್ನ ಕೆಲವು ಶಬ್ದಗಳು ನಿಮಗೆ ಹೊಸವು. ಕ್ಷಮಿಸಿ, ಅರ್ಥವನ್ನು ಅಲ್ಲಲ್ಲೇ ಹೇಳುತ್ತ ಹೋಗುತ್ತೇನೆ.

ಈ ಪತ್ರ ತಲುಪುವ ಹೊತ್ತಿಗೆ ನಿಮ್ಮ ಆರು ಕೀಮೋಗಳಲ್ಲಿ ಮೂರನೆಯದು ಮುಗಿದಿದೆ, ನಾಲ್ಕನೆಯದಕ್ಕೆ ಹೋಗುವುದಿಲ್ಲವೆಂದು ನೀವು ಹಟ ಹಿಡಿದಿದ್ದೀರಿ. ಶಾಲೆಯಲ್ಲಿ ಇನ್ನೂರು ಮಕ್ಕಳಿಗೆ ಬಿಸಿಯೂಟ ಮಾಡುವ ನಿಮಗೆ ಈಗ ಉಪ್ಪಿನ ರುಚಿಯೇ ತಿಳಿಯುತ್ತಿಲ್ಲ. ಯಜಮಾನರು, ಮಕ್ಕಳು ನಿಮ್ಮ ಸಾರನ್ನು ಬಾಯ್ತುಂಬ ಹೊಗಳಿ, ಹಿತ್ತಲಿಗೆ ಹೋಗಿ ಚೊಂಬುಗಟ್ಟಲೆ ನೀರು ಕುಡಿದದ್ದು ನಿಮ್ಮ ಕಣ್ಣಿಗೆ ಬಿತ್ತು. "ಉಪ್ಪಿನ ಮಾತಿನ್ಯಾಗ ಸುಳ್ಳ ಹೇಳೋರು ರಿಪೋರ್ಟಿನ ಮಾತಿನ್ಯಾಗ ಖರೇ ಹೇಳ್ತಾರೇನು?" ಎಂದು ನೀವು ಕೇಳಿದ ಮಾತು ನಮ್ಮ ಮನೆಯಲ್ಲಿ ಇಂದಿಗೂ ಓಡಾಡುತ್ತಿದೆ.

ನಮ್ಮಲ್ಲಿ ಕೀಮೋ ಎಂದರೆ ಹನಿಪಟ್ಟಿ. ಬಳೆಯಂತೆ ಮುಂಗೈಗೆ ಕಟ್ಟಿಕೊಳ್ಳುವ ಔಷಧ ಅದು. ಓಣಿಗೊಂದು ಮದ್ದಿನ ಪಡಸಾಲೆ ಇದೆ. ಅಲ್ಲಿ ಜೋಕಾಲಿಯ ಮೇಲೆ ಕುಳಿತು ಪಟ್ಟಿ ಕಟ್ಟಿಸಿಕೊಳ್ಳುತ್ತಾರೆ, ಜೊತೆಗೆ ಬಂದವರು ಚೌಕಾಬಾರ ಆಡುತ್ತ ಜಗಳ ಕಾಯುತ್ತಾರೆ. ಕೂದಲು ಉದುರುವುದಿಲ್ಲ. ಬಾಯಿರುಚಿ ಹೋಗುವುದನ್ನು ಮಾತ್ರ ಯಾವ ಜಾಣರಿಗೂ ತಡೆಯಲಾಗಿಲ್ಲ. ಆದ್ದರಿಂದ ಪ್ರತಿ ರೋಗಿಯೂ ಮೊದಲ ದಿನವೇ ಒಬ್ಬ ಉಪ್ಪುಸಾಕ್ಷಿಯನ್ನು ನೇಮಿಸಿಕೊಳ್ಳಬೇಕು. ಅಡುಗೆಯ ಉಪ್ಪಿನಿಂದ ಹಿಡಿದು ವೈದ್ಯರ ವರದಿಯವರೆಗೆ ಎಲ್ಲದರಲ್ಲೂ ನಿಜ ಹೇಳುವುದು ಅವರ ಕೆಲಸ. ಹೆಚ್ಚಿನವರು ಅತ್ತೆಯನ್ನೇ ಆರಿಸುತ್ತಾರೆ. ಅತ್ತೆಯರಿಗೆ ಇಷ್ಟು ಬೇಡಿಕೆ ಹಿಂದೆಂದೂ ಇರಲಿಲ್ಲ.

ನನ್ನ ಹೆಂಡತಿ ದಾಕ್ಷಾಯಣಿ ಮಾತ್ರ ನನ್ನನ್ನು ಆರಿಸಿದಳು. ಮೊನ್ನೆ ಅವಳ ವರದಿ ನನ್ನ ಕೈಗೆ ಬಂತು: ಗಡ್ಡೆ ಅರ್ಧ ಕರಗಿದೆ, ಪೂರ್ತಿ ಹೋಗಿಲ್ಲ, ಇನ್ನೂ ಐದು ಸುತ್ತು ಬೇಕು. ನಾನು ಅದನ್ನು ಅಂಗಿಯ ಜೇಬಿನಲ್ಲೇ ಇಟ್ಟುಕೊಂಡು ಓಡಾಡಿದೆ. ನಿನ್ನೆ ಮಧ್ಯಾಹ್ನ ಅವಳು ರೊಟ್ಟಿ, ಪುಂಡಿಪಲ್ಯ ಬಡಿಸಿ ಉಪ್ಪು ಹೇಗಿದೆ ಎಂದಳು. ಹದವಾಗಿದೆ ಎಂದೆ.

"ಉಪ್ಪ ಹಾಕೇ ಇಲ್ರೀ ನಾ," ಎಂದು ನಕ್ಕು, ಜೇಬಿನತ್ತ ಕೈ ಚಾಚಿದಳು.

ಓದಿದಳು. ಮಡಿಸಿ ತಾಟಿನ ಪಕ್ಕಕ್ಕಿಟ್ಟಳು. ಆಮೇಲೆ, "ಐದು ಅಂದ್ರ ಐದು. ಈಗ ಉಪ್ಪಿನ ಡಬ್ಬಿ ಇತ್ತ ಕೊಡ್ರಿ," ಎಂದಳು. ನನಗೆ ಅಳು ಬಂತು. ಅವಳಿಗೆ ಮೋಸ ಮಾಡುವ ಮನಸ್ಸು ನನಗಿರಲಿಲ್ಲ, ಅವಳಿಲ್ಲದ ಮನೆಯನ್ನು ನೆನೆದು ಹೆದರಿದ್ದೆ. ನಿಮ್ಮ ಮನೆಯವರೂ ಹೀಗೇ ಹೆದರಿದ್ದಾರೆ, ನೀಲಗಂಗವ್ವನವರೇ. ಅವರ ಮೇಲೆ ಸಿಟ್ಟು ಬೇಡ.

ಮಗಳ ಮನೆಗೆ ಹೋಗಿರುವ ನಿಮ್ಮ ಅತ್ತೆ ಚನ್ನಬಸವ್ವ ನಾಳಿದ್ದು ಕುಕನೂರಿನಿಂದ ಮರಳುತ್ತಾರೆ. ಮೊದಲ ತುತ್ತಿಗೇ ತಾಟು ಸರಿಸಿ, "ಇದೇನ ಸಾರೋ ಸಮುದ್ರೋ? ದವಾಖಾನಿಗೆ ನಿನ್ನ ಜೋಡಿ ನಾ ಬರ್ತೀನಿ, ಡಾಕ್ಟರ್ ಏನಂದ್ರೂ ಮುಚ್ಚಿಡದ ಹೇಳ್ತೀನಿ," ಎನ್ನುತ್ತಾರೆ. ಜಗತ್ತಿನ ಮೊದಲ ಉಪ್ಪುಸಾಕ್ಷಿ ಅವರೇ. ದಯವಿಟ್ಟು ಅವರ ಜೊತೆ ಹೋಗಿ.

ನಿನ್ನೆ ತಪ್ಪಿದ ನಾನು ಇಂದು ನಿಮಗಾದರೂ ನಿಜ ಹೇಳಬೇಕು. ಆರೂ ಕೀಮೋ ಮುಗಿದ ಮೇಲೆ ಕಾಯಿಲೆ ಮತ್ತೊಮ್ಮೆ ಬರುತ್ತದೆ. ಆದರೆ ನಡುವೆ ಹನ್ನೊಂದು ವರ್ಷ ಸಿಗುತ್ತದೆ. ಬಾಯಿರುಚಿ ಮರಳುತ್ತದೆ, ಶಾಲೆಯ ಒಲೆಯ ಮುಂದೆ ಮತ್ತೆ ನೀವೇ ನಿಲ್ಲುತ್ತೀರಿ. ಆ ಹನ್ನೊಂದು ವರ್ಷದಲ್ಲಿ ನಿಮ್ಮ ಅತ್ತೆ ನಿಮ್ಮ ಸಾರನ್ನು ಒಂದು ದಿನವೂ ಹೊಗಳುವುದಿಲ್ಲ.

ಇಂತಿ ನಿಮ್ಮ,
ಶಿವಯೋಗಿ