ಅರ್ಧದಲ್ಲೇ ನಿಂತಿದ್ದ ಮುಳ್ಳು

ನವೆಂಬರ್ ೧೯, ಭಾನುವಾರ ಬೆಳಿಗ್ಗೆ

ಪ್ರೀತಿಯ ಫ್ಯೂಸ್,

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ, ನನ್ನ ಬಲಗೈ ಒಂದನ್ನು ಬಿಟ್ಟು. ನೀನು ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ನಿನ್ನ ಅತ್ತಿಗೆ "ಸ್ನಾನಕ್ಕೆ ಹೋಗಿದಾರೆ" ಅಂದಳು. ಅಷ್ಟೊಂದು ಸ್ನಾನ ಮಾಡುವವನು ನಾನಲ್ಲ ಅಂತ ಮೂವತ್ತೊಂದು ವರ್ಷ ಪಕ್ಕದಲ್ಲೇ ಕೆಲಸ ಮಾಡಿದ ನಿನಗೆ ಗೊತ್ತಿರಬೇಕು. ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಮೊದಲ ಎರಡು ವಾರ ಪೆನ್ನು ಹಿಡಿಯಲು ಆಗುತ್ತಿರಲಿಲ್ಲ. ಆಮೇಲಿನ ಒಂದು ವಾರ ಹಿಡಿಯಲು ಆಗುತ್ತಿತ್ತು, ಬರೆಯಲು ಆಗುತ್ತಿರಲಿಲ್ಲ.

ನಾಲ್ಕು ಬೀದಿ ಆಚೆ ಇರುವವನಿಗೆ ಕಾಗದ ಬರೀತಾನಲ್ಲ ಈ ಮುದುಕ ಅಂತ ನಗಬೇಡ. ನಿನ್ನ ಮನೆಗೆ ಬಂದರೆ ನಿನ್ನ ಹೆಂಡತಿ ಕಾಫಿ ತಂದಿಡುತ್ತಾಳೆ, ನಾನು ಕುಡಿದುಬಿಡುತ್ತೇನೆ, ಮಾತು ಅಲ್ಲಿಗೇ ಮುಗಿದುಹೋಗುತ್ತದೆ. ಇನ್ನೊಂದು ಮಾತು. ಆ ನಾಲ್ಕು ಬೀದಿ ದಾಟಿ ನೀನೂ ಬರಲಿಲ್ಲ. ಕೈ ಸುಟ್ಟುಕೊಂಡ ಸುದ್ದಿ ನಿನಗೆ ಮೊದಲ ದಿನವೇ ತಲುಪಿತ್ತು.

ಇರಲಿ, ಕಾರಿನ ವಿಷಯಕ್ಕೆ ಬರುತ್ತೇನೆ. ನೀನು ನನಗೆ ಮಾರಿದ ಮೇಲೆ ಮೊದಲ ಎರಡು ಶನಿವಾರ ರಾಜನ ಹಾಗೆ ಓಡಿತು. ನಿನ್ನ ಅತ್ತಿಗೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಗುಡ್ಡ ಹತ್ತಿ ಇಳಿದು, ಹಾಸಿಗೆ ಹಿಡಿದಿರುವ ಅವಳ ಅಕ್ಕನನ್ನು ನೋಡಿಕೊಂಡು ಬಂದೆವು. ಅಕ್ಕತಂಗಿಯರು ಗಂಟೆಗಟ್ಟಲೆ ಮಾತಾಡಿದರು, ನಾನು ಹೊರಗೆ ನಿಂತು ಕಾರಿನ ಗಾಜು ಒರೆಸಿದೆ. ಎರಡು ಬಸ್ಸು ಬದಲಿಸಿ ಹೋಗಬೇಕಾಗಿದ್ದ ದಾರಿ ಅದು. "ನಿಮ್ಮ ಫ್ಯೂಸ್ ಪುಣ್ಯಾತ್ಮ ಕಣ್ರೀ" ಅಂತ ಅವಳು ದಾರಿಯುದ್ದಕ್ಕೂ ಹೇಳಿದಳು. ನಾನೂ ಹೂಂಗುಟ್ಟಿದೆ.

ಮೂರನೇ ಶನಿವಾರ ಗುಡ್ಡದ ಅರ್ಧ ಹತ್ತುವಷ್ಟರಲ್ಲಿ ಗಾಡಿ ಏದುಸಿರು ಬಿಡತೊಡಗಿತು. ಏನೋ ಸಿಹಿಸಿಹಿಯಾದ ಸುಟ್ಟ ವಾಸನೆ. ನಾನು ಬಿಸಿ ತೋರಿಸುವ ಮುಳ್ಳು ನೋಡಿದೆ. ಅರ್ಧದಲ್ಲಿತ್ತು.

"ಏನೋ ಕಾದ ವಾಸನೆ ಬರ್ತಿದೆ ಕಣ್ರೀ" ಅಂದಳು.

"ಮುಳ್ಳು ಅರ್ಧದಲ್ಲಿದೆ, ಸುಮ್ನಿರು."

ಇನ್ನೊಂದು ತಿರುವು ಹತ್ತಿದೆವು. "ಪಾತ್ರೆ ಸೀದ ಹಾಗಿದೆ ಕಣ್ರೀ, ನಿಲ್ಲಿಸಿ."

"ಮುಳ್ಳಿಗಿಂತ ನಿನ್ನ ಮೂಗು ದೊಡ್ಡದಾ?" ಅಂದೆ. ಅಷ್ಟರಲ್ಲಿ ಕಾರು ತಾನಾಗೇ ನಿಂತುಹೋಯಿತು.

ಬಾನೆಟ್ ಎತ್ತಿದರೆ ಮುಖಕ್ಕೆ ಕಾವು ಹೊಡೆಯಿತು. ಎಂಜಿನ್ ಅಂದಮೇಲೆ ಅಷ್ಟು ಬಿಸಿ ಇದ್ದೇ ಇರುತ್ತದೆ ಅಂದುಕೊಂಡೆ. ನೀರು ಕಡಿಮೆಯಾಗಿರಬೇಕು, ಒಂದಿಷ್ಟು ಹಾಕಿದರೆ ಆಯಿತು. ನಮ್ಮ ಆಸ್ಪತ್ರೆ ಲಾಂಡ್ರಿಯ ಬಾಯ್ಲರ್ ಮನೆಗೆ ಹೊಸದಾಗಿ ಬಂದ ಪ್ರತಿಯೊಬ್ಬನಿಗೂ "ಬಿಸಿ ಇರುವಾಗ ಮುಚ್ಚಳ ಮುಟ್ಟಿದರೆ ಕೈ ಮುರೀತೀನಿ" ಅಂತ ಕೂಗಾಡುತ್ತಿದ್ದವನು ನಾನು. ನನ್ನ ಆ ಕೂಗಿಗೇ ಅಲ್ಲವೇ ನೀನು ನನಗೆ ಸೀಟಿ ಅಂತ ಹೆಸರಿಟ್ಟಿದ್ದು? ಅಂಥ ನಾನೇ ಕೈಗೆ ಬಟ್ಟೆ ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳ ತಿರುಗಿಸಿದೆ. ಯಾಕೆಂದರೆ ಮುಳ್ಳು ಅರ್ಧದಲ್ಲಿತ್ತು.

ಕುದಿಯುವ ನೀರು ಬೆರಳಿನಿಂದ ಮೊಣಕೈವರೆಗೆ ಎರಚಿತು. ನಿನ್ನ ಅತ್ತಿಗೆ ಕುಡಿಯಲು ತಂದಿದ್ದ ನೀರನ್ನೆಲ್ಲ ನನ್ನ ಕೈಮೇಲೆ ಸುರಿದಳು. ಆಮೇಲೆ ರಸ್ತೆ ಬದಿಯ ಕಲ್ಲಿನ ಮೇಲೆ ಕೂತೆವು. ಕಾರು ಕಾದಿತ್ತು, ಅದು ಆರಲಿ ಅಂತ ನಾವು ಕಾದೆವು. ಒಂದೇ ಮಾತಿಗೆ ಎಷ್ಟು ಕೆಲಸ ನೋಡು. ಕೊನೆಗೆ ಒಬ್ಬ ಲಾರಿಯವನು ಹತ್ತಿರದ ಒಂದು ಆಸ್ಪತ್ರೆಗೆ ಬಿಟ್ಟ. ಡಾಕ್ಟರು ಕೈಗೆ ಬಟ್ಟೆ ಕಟ್ಟುತ್ತಾ "ಮೊದಲು ಏನ್ ಕೆಲಸದಲ್ಲಿದ್ರಿ?" ಅಂತ ಕೇಳಿದರು. ಬಾಯ್ಲರ್ ನೋಡಿಕೊಳ್ಳುತ್ತಿದ್ದೆ ಅನ್ನಲು ನಾಚಿಕೆಯಾಗಿ, ಲಾಂಡ್ರಿಯಲ್ಲಿದ್ದೆ ಅಂದೆ.

ಕಾರನ್ನು ಎಳೆಸಿಕೊಂಡು ಹೋಗಿದ್ದು ಪೆಟ್ರೋಲ್ ಬಂಕಿನ ಹಿಂದಿನ ಗ್ಯಾರೇಜಿಗೆ. ಅಪ್ಪ ನಡೆಸುತ್ತಿದ್ದ ಗ್ಯಾರೇಜನ್ನು ಈಗ ಮಗಳು ನಡೆಸುತ್ತಾಳಲ್ಲ, ಅಲ್ಲಿಗೆ. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ರೇಡಿಯೇಟರಿನ ಒಳಗೆ ಯಾರೋ ಹಾಕಿದ ಸೋರಿಕೆ ಮುಚ್ಚುವ ಪುಡಿ ಗಂಜಿಯ ಹಾಗೆ ಕಟ್ಟಿಕೊಂಡಿತ್ತು. ಹೆಡ್ ಗ್ಯಾಸ್ಕೆಟ್ ಸುಟ್ಟು, ನೀರು ಹೋಗಿ ಆಯಿಲ್‌ಗೆ ಸೇರಿ, ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿತ್ತು. ಅವಳು ಹೆಡ್ ಇಳಿಸಿ ಲೇತಿನವರಿಗೆ ಕಳಿಸಿದಳು, ವಾಟರ್ ಪಂಪ್ ಬದಲಿಸಿದಳು, ಪೈಪುಗಳನ್ನೂ ಬದಲಿಸಿದಳು. ದಿನಾ ಹೋಗಿ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದೆ. ಅಲ್ಲಿಯವರೆಗೂ ನಿನ್ನ ಮೇಲೆ ನನಗೆ ಕೂದಲೆಳೆಯಷ್ಟೂ ಅನುಮಾನವಿರಲಿಲ್ಲ ಕಣೋ. ಹಳೇ ಗಾಡಿ, ಹಳೇ ಎಂಜಿನ್, ನಮ್ಮಿಬ್ಬರ ಮೊಣಕಾಲಿಗೇ ಗ್ಯಾರಂಟಿ ಇಲ್ಲ ಅಂದುಕೊಂಡೆ.

ಎಲ್ಲ ಜೋಡಿಸಿದ ಮೇಲೆ ಕೀ ಹಾಕಿ ತಿರುಗಿಸಿದಳು. ಸ್ಟಾರ್ಟ್ ಕೂಡ ಮಾಡಿರಲಿಲ್ಲ, ಎಂಜಿನ್ ತಣ್ಣಗೆ ಕಲ್ಲಿನ ಹಾಗಿತ್ತು. ಮುಳ್ಳು ಎದ್ದು ನೇರ ಅರ್ಧಕ್ಕೆ ಬಂದು ನಿಂತಿತು.

"ಸರ್, ಇದೇನು ಮುಳ್ಳೋ, ಮುಳ್ಳಿನ ಚಿತ್ರವೋ?" ಅಂದಳು.

"ಈ ಕಾರುಗಳೇ ಹಾಗಂತೆ" ಅಂದೆ.

"ಯಾರಂದ್ರು?"

"ಇದನ್ನ ಮಾರಿದವನು. ನನ್ನ ಗೆಳೆಯ, ಎಲೆಕ್ಟ್ರಿಷಿಯನ್."

ಅವಳು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ ಮತ್ತೆ ಬಗ್ಗಿದಳು. ಕಾರು ನೋಡಲು ಬಂದ ದಿನ ನಾನು ಇದನ್ನೇ ನಿನ್ನನ್ನು ಕೇಳಿದ್ದೆ, ನೆನಪಿದೆಯಾ? ಟೈರು ಮುಟ್ಟಲಿಲ್ಲ, ಸೀಟು ಒತ್ತಲಿಲ್ಲ, ಕೀ ತಿರುಗಿಸಿ ಮುಳ್ಳು ನೋಡಿದೆ. ತಣ್ಣಗಿರುವಾಗಲೂ ಇದು ಅರ್ಧಕ್ಕೆ ಯಾಕೆ ಬರುತ್ತದೆ ಅಂತ ಕೇಳಿದೆ. "ಬಾಯ್ಲರ್ ಬೇರೆ, ಕಾರು ಬೇರೆ. ಈ ಕಾರುಗಳೇ ಹಾಗೆ ಕಣೋ ಸೀಟಿ" ಅಂದೆ ನೀನು. ನೀನು ಹೇಳಿದ ಮೇಲೆ ಇನ್ನೇನಿದೆ?

ಅವಳು ಎಂಜಿನ್ ಹಿಂದಿನಿಂದ ಒಂದು ವೈರು ಎಳೆದು ತೋರಿಸಿದಳು. ಬಿಸಿ ಅಳೆಯುವ ಸೆನ್ಸರಿನಿಂದ ಅದನ್ನು ಕತ್ತರಿಸಿ, ಅಕ್ಕಿಕಾಳಿನಷ್ಟು ದೊಡ್ಡ ಕರೆಂಟು ತಡೆಯುವ ಒಂದು ರೆಸಿಸ್ಟರ್ ಸೇರಿಸಿ, ತುದಿಯನ್ನು ಕಾರಿನ ಲೋಹದ ಮೈಗೆ ಬಿಗಿದಿದ್ದರು. ಇನ್ನು ಎಂಜಿನ್ ಕುದಿದರೂ ಅಷ್ಟೇ, ಹೆಪ್ಪುಗಟ್ಟಿದರೂ ಅಷ್ಟೇ, ಮುಳ್ಳು ಅರ್ಧದಿಂದ ಅಲ್ಲಾಡುವುದಿಲ್ಲ. ಅದನ್ನೂ ಯಾರೋ ಹಳೇ ಓನರ್ ಮಾಡಿದ್ದು ಅಂದುಕೊಳ್ಳುತ್ತಿದ್ದೆ. ಆದರೆ ಬೆಸುಗೆಯ ಮೇಲೆ ಟೇಪು ಇತ್ತು, ಟೇಪಿನ ಮೇಲೆ ಮೇಣದ ದಾರ ಇತ್ತು. ಮೂರು ಸುತ್ತು, ಒಂದು ಅಡ್ಡ, ಮತ್ತೆ ಮೂರು ಸುತ್ತು, ಗಂಟು ಕಾಣದ ಹಾಗೆ ಒಳಗೆ. "ಕಾವಿಗೆ ಟೇಪಿನ ಅಂಟು ಬಿಡುತ್ತೆ, ದಾರ ಬಿಡಲ್ಲ" ಅನ್ನುತ್ತಿದ್ದವನು ನಮ್ಮ ಲಾಂಡ್ರಿಯಲ್ಲೆಲ್ಲ ನೀನೊಬ್ಬನೇ.

ಎಡಗೈಯಿಂದ ಆ ದಾರ ಮುಟ್ಟಿ ನೋಡಿದೆ. ಒಂದು ಸಲ ಲಾಂಡ್ರಿಗೆ ತಪಾಸಣೆಯವರು ಬರುವ ಹಿಂದಿನ ದಿನ ಸೂಪರ್‌ವೈಸರ್ ನಿನ್ನನ್ನು ಕರೆದು, ಬಾಯ್ಲರಿನ ಮುಳ್ಳು ಸ್ವಲ್ಪ ಕಡಿಮೆ ತೋರಿಸುವ ಹಾಗೆ ಮಾಡು ಅಂದಿದ್ದ. "ಮುಳ್ಳಿಗೆ ಕೈ ಹಾಕಿದರೆ ನಾನು ಮನುಷ್ಯನೇ ಅಲ್ಲ" ಅಂದುಬಿಟ್ಟೆ ನೀನು. ಅದಕ್ಕೆ ನಿನ್ನನ್ನು ಎಂಟು ತಿಂಗಳು ಹಾಸಿಗೆ ಹೊದಿಕೆ ಮಡಚುವ ಕೆಲಸಕ್ಕೆ ಹಾಕಿದರು. ಆ ಎಂಟು ತಿಂಗಳೂ ನಾನು ಊಟದ ಡಬ್ಬಿ ಹಿಡಿದುಕೊಂಡು ನೀನಿದ್ದಲ್ಲಿಗೇ ಬಂದು ಉಂಡೆ. ಈ ಕಥೆಯನ್ನು ನಾನು ಯಾರಿಗೆ ಹೇಳಿಲ್ಲ ಹೇಳು? ನನ್ನ ಮಗಳ ಮದುವೆಯಲ್ಲಿ ಬೀಗರಿಗೂ ಹೇಳಿದೆ. ನೀನು ಅಂದರೆ ನನಗೆ ಅದೇ ದಿನ, ಅದೇ ಮಾತು. ಈಗ ಅದು ಹೋಯಿತೇನೋ ಅಂತ ಭಯವಾಗುತ್ತಿದೆ. ಕಾರು ಹಾಳಾಗಲಿ, ದುಡ್ಡಿನ ಮಾತು ನಾನು ಎತ್ತುವುದೂ ಇಲ್ಲ. ನನಗೆ ಬೇಕಾದದ್ದು ನೀನು ಹಾಗೇ ಉಳಿಯುವುದು.

ಅದಕ್ಕೆ ಒಂದು ದಾರಿ ಯೋಚಿಸಿದ್ದೇನೆ. ಮುಳ್ಳು ಕೆಂಪಿಗೆ ಹೋಗುವುದನ್ನು ನೋಡಲಾರದೆ, ಮಾರುವ ಯೋಚನೆಯೇ ಇಲ್ಲದಿದ್ದಾಗ ನೀನು ಅದನ್ನು ಕಟ್ಟಿಹಾಕಿದೆ, ಆಮೇಲೆ ಮರೆತೆ. ಮನುಷ್ಯ ಅಂದಮೇಲೆ ಅಂಥ ಪೆದ್ದುತನ ಮಾಡುತ್ತಾನೆ. ಹಾಗಂತ ಎರಡು ಸಾಲು ಬರೆದು ಕಳಿಸು ಸಾಕು. ಬಂದು ನಿನ್ನ ಮನೆಯ ಕಾಫಿ ಕುಡಿಯುತ್ತೇನೆ.

ನಿನ್ನ ಮಗಳಿಗೆ ಹೆಣ್ಣುಮಗು ಆಯಿತಂತೆ, ತುಂಬ ಸಂತೋಷವಾಯಿತು. ಅಜ್ಜನ ಮೂಗು ಬರದಿರಲಿ, ಉಳಿದದ್ದೆಲ್ಲ ಚೆನ್ನಾಗಿರಲಿ. ಬಾಣಂತಿಯನ್ನು ಜೋಪಾನವಾಗಿ ನೋಡಿಕೊಳ್ಳಿ. ಮಗು ನೂರು ವರ್ಷ ನಗುನಗುತ್ತಾ ಬಾಳಲಿ. ನಿನ್ನ ಅತ್ತಿಗೆಯ ಆಶೀರ್ವಾದವನ್ನೂ ಸೇರಿಸಿಕೋ. ದಾರದ ವಿಷಯ ಅವಳಿಗೆ ಹೇಳಿಲ್ಲ, ನೀನು ಅವಳಿಗೆ ಇನ್ನೂ ಪುಣ್ಯಾತ್ಮನೇ.

ನಿನ್ನ,
ಸೀಟಿ

ತಾ.ಕ.: ಲಕೋಟೆ ಅಂಟಿಸಲು ಮನಸ್ಸು ಬರುತ್ತಿಲ್ಲ. ಮೇಲೆ ನಿನಗೆ ಬಿಟ್ಟುಕೊಟ್ಟ ದಾರಿ ಸುಳ್ಳು ಅಂತ ನನಗೆ ಗೊತ್ತಿದೆ. ಕಾರು ಬಿಡಿಸಿಕೊಳ್ಳಲು ಹೋದ ದಿನ ಆ ಗ್ಯಾರೇಜಿನ ಹೆಣ್ಣುಮಗಳು ತಡೆಯಲಾರದೆ ಹೇಳಿದಳು. ನಾನು ಕಾರು ನೋಡಲು ನಿನ್ನಲ್ಲಿಗೆ ಬರುವ ನಾಲ್ಕು ದಿನ ಮೊದಲು ಬಟ್ಟೆ ಅಂಗಡಿಯವನೊಬ್ಬ ಇದೇ ಕಾರನ್ನು ಕೊಳ್ಳಬೇಕು ಅಂತ ನಿನ್ನಿಂದ ಪಡೆದು, ತೋರಿಸಲು ಅವಳ ಹತ್ತಿರ ತಂದಿದ್ದನಂತೆ. "ಅವತ್ತು ಮುಳ್ಳು ಸರಿಯಾಗೇ ಇತ್ತು ಸರ್. ಹತ್ತು ನಿಮಿಷಕ್ಕೆ ಕೆಂಪಿಗೆ ಹೋಯ್ತು. ಬೇಡ ಅಂದೆ, ಬಿಟ್ಟು ಹೋದ್ರು" ಅಂದಳು. ಮೊದಲ ಎರಡು ಶನಿವಾರ ಓಡಿದ್ದು ಆಮೇಲೆ ಹಾಕಿದ ಆ ಪುಡಿಯಿಂದಂತೆ. ಗುರುತು ಪರಿಚಯ ಇಲ್ಲದವನಿಗೆ ನೀನು ಮುಳ್ಳನ್ನು ಇದ್ದ ಹಾಗೇ ತೋರಿಸಿದ್ದೆ. ಕಾರು ಕೊಳ್ಳುವವರು ಬಣ್ಣ ನೋಡುತ್ತಾರೆ, ಟೈರು ನೋಡುತ್ತಾರೆ, ಮೆಕ್ಯಾನಿಕ್ಕಿಗೆ ತೋರಿಸುತ್ತಾರೆ. ಬರೀ ಮುಳ್ಳು ನೋಡಿ ನಂಬುವವನು ಯಾರು ಅಂತ ನಿನಗೆ ಗೊತ್ತಿತ್ತು. ಅದನ್ನು ನೀನು ನನಗೋಸ್ಕರವೇ ಕೂತು ಮಾಡಿದೆ ಕಣೋ, ದಾರ ಕೂಡ ಸುತ್ತಿ.