ಚಳಿಗಾಲದ ಟೈರು ಹಾಕಿಸಿದ್ದೇನೆ

ಮ್ಯಾರಥಾನ್
ಡಿಸೆಂಬರ್ ಒಂಬತ್ತು, ಮಧ್ಯಾಹ್ನ

ರೇಯ್ನೊ,

ಹೆಸರಿನ ಮುಂದೆ ಇನ್ನೊಂದು ಪದ ಬರೆಯಬೇಕೆಂದು ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತಿದ್ದೆ. ಬರಲಿಲ್ಲ. ಬಾರದ್ದನ್ನು ಬರೆಯುವುದು ಬೇಡವೆಂದು ಬಿಟ್ಟೆ.

ನಾನು ಚೆನ್ನಾಗಿದ್ದೇನೆ. ನೀನು ವಿನಿಪೆಗ್‌ನಿಂದ ಬಂದು ಬಾಗಿಲು ತೆಗೆದಾಗ ಮನೆ ತಣ್ಣಗಿರುತ್ತದೆ, ಹೆದರಬೇಡ. ಫ್ರಿಜ್ಜಿನಲ್ಲಿ ಮೀನಿನ ಸಾರಿದೆ, ಬಿಸಿ ಮಾಡಿಕೊ. ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಾದರೆ ನನ್ನ ಮಾತನ್ನು ಅರ್ಧಕ್ಕೇ ಕತ್ತರಿಸುತ್ತೀಯ. ಕಾಗದವನ್ನು ಅರ್ಧಕ್ಕೆ ಹರಿದರೂ ಉಳಿದರ್ಧ ನಿನ್ನ ಕೈಯಲ್ಲೇ ಇರುತ್ತದೆ.

ಸುದ್ದಿ ಇಷ್ಟು. ನನ್ನ ಕಾರಿಗೆ ಚಳಿಗಾಲದ ಟೈರು ಹಾಕಿಸಿದ್ದೇನೆ, ನಾಲ್ಕಕ್ಕೆ ನಾಲ್ಕೂ. ಅದರಲ್ಲೇ ನಮ್ಮ ನಿಪಿಗನ್‌ನಿಂದ ಈ ಮ್ಯಾರಥಾನ್ ಊರಿನವರೆಗೆ ಬಂದಿದ್ದೇನೆ. ಟೈರಂಗಡಿಯ ಲಾರ್ನ್ ಇದನ್ನು ನಿನಗೆ ತನ್ನದೇ ಧಾಟಿಯಲ್ಲಿ ಹೇಳುತ್ತಾನೆ. ಅದಕ್ಕೇ ನನ್ನ ಧಾಟಿಯಲ್ಲಿ ನಾನು ಬರೆಯುತ್ತಿದ್ದೇನೆ.

ಅಪ್ಪ ಹೋದಮೇಲೆ ಅವನ ಚೀಲವನ್ನು, ತಂತಿ ಬಿಗಿಯುವ ಕೀಲಿಯನ್ನು ನಾನು ಎತ್ತಿಕೊಂಡಾಗ ನೀನು ಖುಷಿಪಟ್ಟಿದ್ದೆ. ಬೇಸಿಗೆಯಿಡೀ ಲಾರಿಯವರ ಮುಂದೆ ಜಂಬ ಕೊಚ್ಚಿಕೊಂಡೆ: "ನನ್ನ ಹೆಂಡ್ತಿ ಪಿಯಾನೊ ಶ್ರುತಿ ಮಾಡ್ತಾಳೆ ಕಣ್ರೋ, ಈ ಸರೋವರದ ದಂಡೆಯುದ್ದಕ್ಕೂ ಅವಳೊಬ್ಬಳೇ." ಅಕ್ಟೋಬರ್ ಬಂತು, ನಿನ್ನ ರಾಗ ಬದಲಾಯಿತು. "ಚಳಿಗಾಲದಲ್ಲಿ ಯಾಕೆ ಅಲೀತೀಯ? ಬೇಸಿಗೇಲಿ ಮಾಡ್ಕೊ. ಪಿಯಾನೊ ಏನು ಎದ್ದು ಓಡಿ ಹೋಗುತ್ತಾ?" ಎಂದೆ. ಎದ್ದು ಓಡುವುದಿಲ್ಲ, ರೇಯ್ನೊ. ಆದರೆ ಶಾಲೆಗಳಲ್ಲಿ, ಚರ್ಚುಗಳಲ್ಲಿ ಹೀಟರು ಹಚ್ಚಿದ ಕೂಡಲೇ ಅದರ ಮರ ಒಣಗುತ್ತದೆ, ತಂತಿ ಸಡಿಲವಾಗುತ್ತದೆ, ಸ್ವರ ಕೆಳಗಿಳಿಯುತ್ತದೆ. ಕ್ರಿಸ್ಮಸ್ಸಿನ ಹಾಡು ಇರುವುದು ಡಿಸೆಂಬರಿನಲ್ಲಿ. ಜುಲೈಯಲ್ಲಿ ಹೋಗಿ ಶ್ರುತಿ ಮಾಡಿದರೆ ಯಾರು ಹಾಡುತ್ತಾರೆ, ಸೊಳ್ಳೆಗಳೇ?

ಹಳೆಯ ಟೈರು ಸವೆದಿದ್ದವು. ಅದಾದ ಮೇಲೊಂದು ದಿನ ನಾನು ಲಾರ್ನ್‌ನ ಅಂಗಡಿಗೆ ಹೋಗಿ ಚಳಿಗಾಲದವನ್ನು ಹಾಕು ಎಂದೆ. ಅವನು "ಒಂದ್ನಿಮಿಷ" ಎಂದು ನಿನಗೆ ಫೋನ್ ಮಾಡಿ, ಫೋನನ್ನು ಎಲ್ಲರಿಗೂ ಕೇಳುವಂತೆ ಕಟ್ಟೆಯ ಮೇಲಿಟ್ಟ. ನೀನು ಹೇಳಿದ ಮಾತು ನಿನಗೆ ಮರೆತಿರಬಹುದು. "ಆಲ್‌ಸೀಸನ್ ಹಾಕು ಸಾಕು. ಎಲ್ಲಾ ಕಾಲಕ್ಕೂ ಅಂತ ಹೆಸರಲ್ಲೇ ಇದೆಯಲ್ಲ! ಅಂಗಡಿಗೆ, ಚರ್ಚಿಗೆ ಹೋಗೋಳಿಗೆ ಇನ್ನೇನು ಬೇಕು? ಚಳಿಗಾಲದ್ದು ಹಾಕಿಬಿಟ್ರೆ ಅವಳು ಮನೇಲಿ ನಿಲ್ಲಲ್ಲ ಮಾರಾಯ." ಕಾಫಿ ಕುಡಿಯುತ್ತ ಕೂತಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಅವನು ಹಾಕಿದ ಆಲ್‌ಸೀಸನ್ನಿನಲ್ಲೇ ಮನೆಗೆ ಬಂದೆ. ಹಾಗೆ ನಕ್ಕದ್ದು ನೆನೆದರೆ ಈಗಲೂ ಮೈ ಉರಿಯುತ್ತದೆ.

ಆಲ್‌ಸೀಸನ್ ಕೆಟ್ಟ ಟೈರಲ್ಲ. ಬೇಸಿಗೆಗೆ, ಮಳೆಗೆ, ಟೊರಾಂಟೊದಲ್ಲಿ ಒಂದೆರಡು ದಿನ ಬಿದ್ದು ಕರಗುವ ಹಿಮಕ್ಕೆ ಸಾಕು. ವರ್ಷಕ್ಕೆರಡು ಸಲ ಬದಲಾಯಿಸುವ, ಒಂದು ಸೆಟ್ಟನ್ನು ಗ್ಯಾರೇಜಿನಲ್ಲಿ ಪೇರಿಸಿಡುವ ತಾಪತ್ರಯವೂ ಇಲ್ಲ. ಆದರೆ ನಮ್ಮ ಚಳಿಯಲ್ಲಿ ಅದರ ರಬ್ಬರು ಐಸ್ ಹಾಕಿ ಆಟದ ಬಿಲ್ಲೆಯಂತೆ ಕಲ್ಲಾಗುತ್ತದೆ. ಹಿಮವೇ ಬೀಳದಿದ್ದರೂ ಅಷ್ಟೇ, ಕೊರೆಯುವ ರಸ್ತೆಯನ್ನು ಅದು ಹಿಡಿಯುವುದಿಲ್ಲ. ಇದನ್ನು ನನಗೆ ಕಲಿಸಿದವನು ನೀನೇ. ಮದುವೆಯಾದ ವರ್ಷ ಗ್ಯಾರೇಜಿನಲ್ಲಿ ನನ್ನ ಹೆಬ್ಬೆರಳನ್ನು ಹಿಡಿದು ಎರಡೂ ಟೈರಿಗೆ ಒತ್ತಿಸಿ, "ನೋಡು, ಇದು ಮೆತ್ತಗಿದೆ, ಇದು ಸತ್ತಿದೆ" ಎಂದಿದ್ದೆ. ನಿನ್ನ ಪಿಕಪ್ಪಿಗೆ ಅಕ್ಟೋಬರ್ ಮುಗಿಯುವ ಮೊದಲೇ ಮೊಳೆಯಿರುವ ಚಳಿಗಾಲದ ಟೈರು ಬರುತ್ತದೆ. ಒಂದು ವರ್ಷವೂ ತಪ್ಪಿಲ್ಲ.

ರಾಸ್‌ಪೋರ್ಟ್‌ಗೆ ಮೊದಲು ಸಿಗುವ ಆ ಇಳಿಜಾರಿನಲ್ಲಿ ನಡೆದದ್ದನ್ನು ನೀನು ನನ್ನಿಂದ ಪೂರ್ತಿ ಕೇಳಲೇ ಇಲ್ಲ. ಬೆಳಗ್ಗೆ ಬಿಸಿಲಿತ್ತು, ರಸ್ತೆ ಕಪ್ಪಗೆ ಒಣಗಿದಂತಿತ್ತು, ಕೆಳಗೆ ಸುಪೀರಿಯರ್ ಸರೋವರ ಚಳಿಗೆ ಹೊಗೆಯಾಡುತ್ತಿತ್ತು. ವೇಗ ಇರಲಿಲ್ಲ. ತಿರುವಿಗೆ ಮೊದಲು ಬ್ರೇಕನ್ನು ಮೆಲ್ಲಗೆ ಒತ್ತಿದೆ. ಕಾರಿಗೂ ರಸ್ತೆಗೂ ಸಂಬಂಧ ಕಡಿದುಹೋಯಿತು. ಸ್ಟೀರಿಂಗ್ ತಿರುಗಿಸಿದರೆ ಅದು ಆಟಿಕೆಯ ಕಾರಿನದ್ದರಂತೆ ಸುಮ್ಮನೆ ತಿರುಗಿತು. ಕಾರು ಗಿರ್ರನೆ ಸುತ್ತಿ ಬಂದ ದಾರಿಗೆ ಮುಖ ಮಾಡಿತು. ಎದುರಿಗೆ, ಅದುವರೆಗೆ ನನ್ನ ಹಿಂದೆ ಬರುತ್ತಿದ್ದ, ಮರದ ದಿಮ್ಮಿ ತುಂಬಿದ ಲಾರಿ. ಅದರ ಹಾರ್ನು ನನ್ನ ಹಲ್ಲಿನಲ್ಲಿ ಕೇಳಿಸಿತು. ಕಾರು ಇನ್ನೂ ಸ್ವಲ್ಪ ಜಾರಿ ಬಂಡೆಯ ಕಡೆಯ ಚರಂಡಿಗೆ ಹಿಂಬದಿಯಿಂದ ಇಳಿದು ಹಿಮದಲ್ಲಿ ಹೂತು ನಿಂತಿತು. ಇನ್ನೊಂದು ಬದಿಗೆ ಜಾರಿದ್ದರೆ ಅಲ್ಲಿ ಚರಂಡಿಯಿಲ್ಲ, ಸರೋವರವಿದೆ. ಲಾರಿಯವನು ಮುಂದೆ ಹೋಗಿ ನಿಲ್ಲಿಸಿ, ಓಡಿ ಬಂದು, ತನ್ನ ಫ್ಲಾಸ್ಕಿನ ಕಾಫಿ ಕೊಟ್ಟ.

ನೀನು ಪಿಕಪ್ ತಂದು ಕಾರನ್ನು ಎಳೆದು ತೆಗೆದೆ. ಮೊದಲು ಬಂಪರು ನೋಡಿದೆ, ಆಮೇಲೆ ಅಡಿಭಾಗ ನೋಡಿದೆ, ಆಮೇಲೆ ನನ್ನನ್ನು. "ನೋಡಿದ್ಯಾ? ನಿಂಗೆ ಚಳಿಗಾಲದಲ್ಲಿ ಗಾಡಿ ಓಡ್ಸೋಕೆ ಬರಲ್ಲ" ಎಂದೆ. ಮನೆಯವರೆಗೆ ಅದೇ ಮಾತು. ಮಾರನೆಯ ದಿನ ಶ್ರೈಬರ್‌ನಲ್ಲಿ ಲೆಂಪಿ ಚಿಕ್ಕಮ್ಮನ ಮನೆಯಲ್ಲಿದ್ದ ನಿನ್ನ ಅಮ್ಮನಿಗೂ ಫೋನ್ ಮಾಡಿ, ಸೊಸೆ ಕಾರನ್ನು ಚರಂಡಿಗೆ ಇಳಿಸಿದಳೆಂದು ಚಾಡಿ ಹೇಳಿದೆ.

ಆಮೇಲೆ ಅಡುಗೆಮನೆಯಲ್ಲಿ ನಾನು ಕೇಳಿದೆ: ಚಳಿಯಲ್ಲಿ ಆ ರಬ್ಬರು ಏನಾಗುತ್ತದೆಂದು ನಿನಗೆ ಗೊತ್ತಿರಲಿಲ್ಲವೇ? ನೀನು ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತ, ತಲೆಯೆತ್ತದೆ, "ಗೊತ್ತಿತ್ತು. ಒಂದ್ಸಲ ಸ್ವಲ್ಪ ಜಾರಿದ್ರೆ ಬುದ್ಧಿ ಬರುತ್ತೆ ಅಂದ್ಕೊಂಡೆ" ಎಂದೆ. ಎಷ್ಟು ಸಲೀಸಾಗಿ ಅಂದೆ! ಉಪ್ಪು ಕೊಡು ಅಂದ ಹಾಗೆ.

ಮೂವತ್ತು ವರ್ಷ ಲಾರಿ ಓಡಿಸಿದವನು ನೀನು. ಆ ಇಳಿಜಾರಿನಲ್ಲಿ ಏನೇನು ನೋಡಿದ್ದೀಯೆಂದು ನನಗೆ ಗೊತ್ತು. ಒಡೆದ ಗಾಜಿನಿಂದ ಯಾರನ್ನೋ ಎಳೆದು ತೆಗೆದು ಬಂದ ದಿನ ಊಟ ಬೇಡವೆಂದು ಗೋಡೆಗೆ ಮುಖ ಮಾಡಿ ಮಲಗಿದ್ದೆ, ನಾನು ಬೆನ್ನು ಸವರುತ್ತ ಕೂತಿದ್ದೆ. ನಿನಗೆ ಭಯವೆಂದು ಒಂದು ಸಲ ಬಾಯಿಬಿಟ್ಟು ಹೇಳಿದ್ದರೆ ನಾನು ಕೂತು ಕೇಳುತ್ತಿದ್ದೆ. ಆದರೆ ಹೆಂಡತಿಯ ಜೀವಕ್ಕೆ ಹೆದರುವವನು ಒಳ್ಳೆಯ ಟೈರು ಕೊಡಿಸುತ್ತಾನೆ. ನಾನು ಹೆದರಲಿ ಎಂದು ನೀನು ಸತ್ತ ರಬ್ಬರು ಕೊಡಿಸಿದೆ. ಎಷ್ಟು ಜಾರಿದರೆ "ಸ್ವಲ್ಪ" ಎಂದು ಮೊದಲೇ ಅಳೆದುಕೊಡಲು ಬರುತ್ತದೆಯೇ ನಿನಗೆ?

ನೀನು ಬಂಪರು ಸರಿಮಾಡಿಸಲೆಂದು ಕಾರನ್ನು ಲಾರ್ನ್‌ನ ಬಳಿ ಬಿಟ್ಟು, ಏಪ್ರಿಲ್‌ವರೆಗೆ ಅಲ್ಲೇ ಇರಲಿ, ಕೀ ಕೊಡಬೇಡ ಎಂದು ಹೇಳಿ ವಿನಿಪೆಗ್‌ಗೆ ಹೊರಟೆ. ಮಾರನೆಯ ಬೆಳಗ್ಗೆ ನಾನು ನಡೆದೇ ಅಂಗಡಿಗೆ ಹೋದೆ. ಅದೇ ಜನ, ಅದೇ ಕಾಫಿ.

"ಲಾರ್ನ್, ಈ ಕಾರು ಯಾರ ಹೆಸರಲ್ಲಿದೆ?" ಎಂದೆ.

"ನಿನ್ ಹೆಸರಲ್ಲೇ ಇದೆ. ಆದ್ರೆ ರೇಯ್ನೊ ಹೇಳಿದ್ದು..." ಎನ್ನುತ್ತ ಅವನು ಫೋನಿಗೆ ಕೈ ಹಾಕಿದ.

"ಫೋನ್ ಕೆಳಗಿಡು. ನಿನ್ನ ಹೆಂಡ್ತಿ ಚರ್ಚಲ್ಲಿ ಪಿಯಾನೊ ನುಡಿಸ್ತಾಳಲ್ಲ, ಅವಳ ಪಿಯಾನೊ ಶ್ರುತಿ ಮಾಡೋ ಮೊದಲು ನಾನು ನಿನ್ನ ಒಪ್ಪಿಗೆ ಕೇಳಿದ್ನಾ?"

ಈ ಸಲವೂ ನಕ್ಕರು. ಯಾರನ್ನು ನೋಡಿ ಎಂಬುದು ಬೇರೆಯಾಗಿತ್ತು, ಅಷ್ಟೆ. ಲಾರ್ನ್ ಕಿವಿ ಕೆಂಪು ಮಾಡಿಕೊಂಡು ಕಾರನ್ನು ಮೇಲೆತ್ತಿದ. ಹೊಸ ಟೈರಿನ ಪಕ್ಕೆಯ ಮೇಲೆ, ಅಸಲಿ ಚಳಿಗಾಲದ್ದೆಂದು ತೋರಿಸುವ, ಬೆಟ್ಟದೊಳಗೆ ಹಿಮದ ಹೂವಿನ ಗುರುತಿದೆಯೇ ಎಂದು ನಾಲ್ಕರಲ್ಲೂ ನೋಡಿದೆ. ಮುಂದಿನ ಚಕ್ರಗಳಿಗೆ ಎರಡು ಹಾಕಿದರೆ ಸಾಲದೇ ಎಂದು ಯಾರೋ ಉಪದೇಶಕ್ಕೆ ಬಂದರು. "ನೀನು ಒಂದೇ ಕಾಲಿಗೆ ಬೂಟು ಹಾಕ್ಕೊಂಡು ಓಡಾಡು ನೋಡೋಣ" ಎಂದೆ. ಹೊರಡುವಾಗ ಲಾರ್ನ್ ಮೆಲ್ಲಗೆ, "ಅವನಿಗೆ ಏನಂತ ಹೇಳ್ಲಿ?" ಎಂದ. ನಾನೇ ಬರೆಯುತ್ತೇನೆ ಎಂದೆ.

ಧೈರ್ಯದ ಬೊಂಬೆಯಂತೆ ಬಂದೆ ಎಂದುಕೊಳ್ಳಬೇಡ. ಆ ಇಳಿಜಾರು ಬಂದಾಗ ಮೇಲೆಯೇ ಪಕ್ಕಕ್ಕೆ ನಿಲ್ಲಿಸಿ ಕೂತೆ. ಹಿಂದಿರುಗಿಬಿಡೋಣ ಎನಿಸಿತು. ಹಿಂದಿರುಗಿದರೆ ನಿನ್ನ ಮಾತು ನಿಜವಾಗುತ್ತದೆ ಎಂಬ ಸಿಟ್ಟಿಗೇ ಗೇರು ಹಾಕಿದೆ ಎನ್ನಬೇಕು. ಮೆಲ್ಲಗೆ ಇಳಿದೆ. ತಿರುವಿನಲ್ಲಿ ಬ್ರೇಕು ಒತ್ತಿದೆ. ಟೈರು ರಸ್ತೆಯನ್ನು ಕಚ್ಚಿಕೊಂಡಿತು, ಕಾರು ನಾನು ಹೇಳಿದಲ್ಲಿಗೆ ಹೋಯಿತು. ಆಗ ಅತ್ತುಬಿಟ್ಟೆ ನೋಡು, ಒಬ್ಬಳೇ, ಜೋರಾಗಿ, ಮೂಗು ಸೋರಿಸಿಕೊಂಡು.

ಆಮೇಲೆ ಶ್ರೈಬರ್‌ನ ಚರ್ಚು, ಟೆರೇಸ್ ಬೇ ಊರಿನ ವೃದ್ಧರ ಮನೆ, ನಿನ್ನೆ ಇಲ್ಲಿನ ಶಾಲೆ. ಶಾಲೆಯ ಪಿಯಾನೊ ಎಷ್ಟು ಇಳಿದಿತ್ತೆಂದರೆ, ಸಂಗೀತದ ಮೇಡಂ ಬೆರಿಲ್, "ಮಕ್ಕಳು ಬೇಸೂರಲ್ಲ ಹಿಲ್ಕಾ, ಪಿಯಾನೊನೇ ಬೇಸೂರು ಅಂತ ತಂದೆತಾಯಂದ್ರಿಗೆ ಚೀಟಿ ಕಳಿಸ್ಬೇಕು ಅಂತಿದ್ದೆ" ಎಂದಳು. ಸಂಜೆ ಮಕ್ಕಳು ಹಾಡಿದರು. ಇವತ್ತು ಬಿರುಗಾಳಿ ಎದ್ದಿದೆ, ಹೆದ್ದಾರಿ ಮುಚ್ಚಿದ್ದಾರೆ, ಬೆರಿಲ್ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಒಳ್ಳೆಯ ಟೈರಿದೆಯೆಂದು ನಾನು ಹುಚ್ಚಿಯಾಗಿಲ್ಲ. ರಸ್ತೆ ಬೇಡವೆಂದರೆ ನಿಲ್ಲುತ್ತೇನೆ. ನೀನು ಬೇಡವೆಂದರೆ ನಿಲ್ಲುವುದಿಲ್ಲ.

ದಂಡೆಯ ಶಾಲೆಗಳೆಲ್ಲ ಸೇರಿ ನನ್ನನ್ನು ವರ್ಷವಿಡೀ ಬಾ ಎಂದಿವೆ. ಒಪ್ಪಿಕೊಂಡಿದ್ದೇನೆ. ಜನವರಿಯಲ್ಲೂ ಹೋಗುತ್ತೇನೆ, ಫೆಬ್ರವರಿಯಲ್ಲೂ. ನಿನ್ನ ಜೊತೆ ಇರುವುದೋ ಬಿಡುವುದೋ, ಅದನ್ನಿನ್ನೂ ತೀರ್ಮಾನಿಸಿಲ್ಲ. ಅದಕ್ಕೆ ನಿನ್ನಿಂದ ಒಂದು ಮಾತು ಬೇಕು. "ತಪ್ಪಾಯ್ತು" ಎಂದರೆ ಸಾಲದು. ಏನು ತಪ್ಪು ಎಂದು ಲಾರ್ನ್‌ನ ಅಂಗಡಿಯಲ್ಲಿ ನಿಂತು, ಫೋನಿನಲ್ಲಿ ನನ್ನ ಬಗ್ಗೆ ಹೇಳಿದಷ್ಟೇ ಜೋರಾಗಿ ಹೇಳು. ನಾನು ಅಲ್ಲಿರಬೇಕೆಂದೇನೂ ಇಲ್ಲ. ಈ ಊರುಗಳಲ್ಲಿ ಸುದ್ದಿ ನನಗಿಂತ ವೇಗವಾಗಿ ಓಡುತ್ತದೆ.

ತನ್ನ ಕಾರಿನಲ್ಲಿ ಬಂದು ತನ್ನ ಕಾರಿನಲ್ಲೇ ಮರಳುವ,
ಹಿಲ್ಕಾ

ಮರೆತದ್ದಲ್ಲ, ಮುಚ್ಚಿಟ್ಟದ್ದು: ಕಾರು ಜಾರಿದ ದಿನ ಅದರಲ್ಲಿ ನಾನೊಬ್ಬಳೇ ಇರಲಿಲ್ಲ. ನಿನ್ನ ಅಮ್ಮ ನನ್ನ ಪಕ್ಕದಲ್ಲಿದ್ದಳು. ಅವಳು ಲೆಂಪಿ ಚಿಕ್ಕಮ್ಮನ ಮನೆಗೆ ಬಸ್ಸಿನಲ್ಲಿ ಹೋದಳೆಂದು ನೀನಂದುಕೊಂಡಿದ್ದೀಯ. ಚಳಿಯಲ್ಲಿ ಕೂರಿಸುವುದು ಬೇಡವೆಂದು ಆ ದಿಮ್ಮಿ ಲಾರಿಯವನೇ ಅವಳನ್ನು ಶ್ರೈಬರ್‌ಗೆ ಮುಟ್ಟಿಸಿದ. ಲಾರಿ ಹತ್ತುವ ಮೊದಲು ನನ್ನ ಕೈ ಹಿಡಿದು, "ಹೇಳ್ಬೇಡ ಹಿಲ್ಕಾ. ನಿಂಗೇನಾದ್ರೂ ಆಯ್ತಾ ಅಂತ ಅವನು ಮೊದ್ಲು ಕೇಳ್ತಾನಾ ನೋಡು. ಕೇಳಿದ್ರೆ ಮಾತ್ರ ಹೇಳು" ಎಂದಿದ್ದಳು. ನೀನು ಇವತ್ತಿನವರೆಗೂ ಕೇಳಿಲ್ಲ. ಮೊನ್ನೆ ಶ್ರೈಬರ್‌ನಲ್ಲಿ ಕಾರು ನಿಲ್ಲಿಸಿದಾಗ ಅವಳು ಹೊರಗೆ ಬಂದು, ಕೈಗವಸು ತೆಗೆದು ಹೊಸ ಟೈರನ್ನು ಹೆಬ್ಬೆರಳಿನಿಂದ ಒತ್ತಿ, ಮುಂದಿನ ಸೀಟಿನಲ್ಲಿ ಕೂತಳು. ಈಗ ನನ್ನೆದುರು ಸಕ್ಕರೆ ಗಟ್ಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕಾಫಿ ಹೀರುತ್ತಿದ್ದಾಳೆ. ಇಷ್ಟು ಬರೆ ಎನ್ನುತ್ತಿದ್ದಾಳೆ: "ರೇಯ್ನೊ, ನನ್ನನ್ನ ಕರ್ಕೊಂಡು ಹೋಗೋಕೆ ನೀನು ಪಿಕಪ್ ತಗೊಂಡು ಬರ್ಬೇಡ. ನಾನು ಹಿಲ್ಕಾ ಜೊತೆ ಬರ್ತೀನಿ. ನೀನು ಮನೆ ಮುಂದಿನ ಹಿಮ ಎತ್ತಿ ದಾರಿ ಬಿಡ್ಸಿಟ್ಟಿರು."